ಬಿಸಿಲು ಕಾಯಿಸಿದ ಹೆಣ

ರೀಲಜ್ಜನ ಮೈಯಲ್ಲಿ ವಿಟಮಿನ್ ಡಿ ಇಲ್ಲ ಎಂಬ ಸುದ್ದಿ ಬೆಳಗಿನ ಚಹಾದ ಜೊತೆಗೇ ಬಂತು.

"ಇಲ್ಲ ಅಂದ್ರೆ ಇಲ್ವೇ ಇಲ್ಲ ಅಪ್ಪಾ," ಎಂದಳು ಮಗಳು, ಮೊಬೈಲಿಗೆ ಬಂದ ರಕ್ತಪರೀಕ್ಷೆಯ ಫಲಿತಾಂಶವನ್ನು ಕಣ್ಣಿನಿಂದ ಮೊಳದುದ್ದ ದೂರ ಹಿಡಿದುಕೊಂಡು. "ಮೂವತ್ತಾದ್ರೂ ಇರಬೇಕಂತೆ. ನಿನ್ನದು ಆರು."

ಮಗಳು ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ಅವಳು 'ಆರು' ಎಂದ ಧಾಟಿಗೆ ತೊಂಬತ್ತೆರಡು ವರ್ಷದ ಅಪ್ಪ ಗಣಿತದಲ್ಲಿ ಫೇಲಾಗಿ ಬಂದು ಎದುರು ನಿಂತ ಹುಡುಗನಂತೆ ಕುಗ್ಗಿಹೋದ.

"ನೂರಕ್ಕಾ?" ಎಂದು ಮೆಲ್ಲಗೆ ಕೇಳಿದ.

"ತಮಾಷೆ ಬೇಡ. ಡಾಕ್ಟರ್ ಫೋನಲ್ಲಿ ಏನಂದ್ರು ಗೊತ್ತಾ? ನಿಮ್ಮಪ್ಪನ ಮೂಳೆ ಮೂಳೆಯಲ್ಲ, ಸೀಮೆಸುಣ್ಣ ಅಂದ್ರು. ಒಂದ್ಸಲ ಜಾರಿ ಬಿದ್ರೆ ಕಥೆ ಮುಗೀತು ಅಂದ್ರು."

ಸೀಮೆಸುಣ್ಣದ ಮಾತು ಡಾಕ್ಟರದ್ದಲ್ಲ. ಮೂಳೆ ಬಲಹೀನವಾಗಿದೆ, ಮಾತ್ರೆ ಕೊಡಿ, ಬಿಸಿಲಿಗೆ ಕೂರಿಸಿ, ಬೀಳದ ಹಾಗೆ ನೋಡಿಕೊಳ್ಳಿ ಎಂದಷ್ಟೇ ಅವರು ಹೇಳಿದ್ದು. ಉಳಿದದ್ದು ಮಗಳ ಸ್ವಂತ ಅನುಭವದಿಂದ ಬಂದದ್ದು. ಆದರೆ ಆ ಮಾತು ರೀಲಜ್ಜನ ಕಿವಿಗೆ ಬಿದ್ದು ಹಾಗೆಯೇ ಮೂಳೆಗೆ ಇಳಿಯಿತು. ಚಹಾದ ಲೋಟ ಕೆಳಗಿಡುವಾಗ ಮಣಿಕಟ್ಟು ಎಲ್ಲಿ ಪಟ್ಟೆಂದು ಮುರಿಯುವುದೋ ಎಂದು ಎರಡೂ ಕೈ ಹಾಕಿ ಇಟ್ಟ.

ಬಿಸಿಲಿನ ನಂಟು ಅವನಿಗೆ ಮೊದಲಿನಿಂದಲೂ ಕಡಿಮೆ. ಚಿತ್ರಮಂದಿರದ ಪ್ರೊಜೆಕ್ಟರ್ ಕೋಣೆಯಲ್ಲಿ ರೀಲು ಓಡಿಸುತ್ತ ಆಯಸ್ಸು ಕಳೆದವ. ಹಾಗೆಂದೇ ರೀಲಜ್ಜ ಎಂಬ ಹೆಸರು. ಮಧ್ಯಾಹ್ನದ ಆಟಕ್ಕೆ ಒಳಹೊಕ್ಕರೆ ರಾತ್ರಿಯ ಆಟ ಬಿಟ್ಟ ಮೇಲೆಯೇ ಹೊರಗೆ. ಊರಿನವರು ಪರದೆಯ ಮೇಲೆ ಕಂಡ ಗುಡ್ಡದ ಬಿಸಿಲು, ಕಡಲತೀರದ ಬಿಸಿಲು ಎಲ್ಲವೂ ಅವನ ಕೈಯಿಂದಲೇ ಹೋದದ್ದು. ಅವನ ಮೈಗೆ ಮಾತ್ರ ಅದರ ಒಂದೆಳೆಯೂ ತಾಗಿರಲಿಲ್ಲ. ಈಗ ಇರುವುದು ಮಗಳ ಫ್ಲ್ಯಾಟಿನಲ್ಲಿ, ಮೂರನೆಯ ಮಹಡಿ. ಬೀದಿಯಾಚೆ ಇನ್ನೂ ಎತ್ತರದ ಕಟ್ಟಡವೊಂದು ಸೂರ್ಯನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿತ್ತು.

"ಅದಕ್ಕೇ ಒಬ್ಬ ಹೋಂ ನರ್ಸ್‌ಗೆ ಹೇಳಿದೀನಿ," ಎಂದಳು ಮಗಳು. "ನಾಳೆಯಿಂದ ಸ್ನಾನ, ಬಟ್ಟೆ, ಟಾಯ್ಲೆಟ್ಟು ಎಲ್ಲಾ ಅವನೇ ನೋಡ್ಕೋತಾನೆ. ನೀನು ಬಚ್ಚಲ ಚಿಲಕ ಹಾಕ್ಕೊಳ್ಳೋ ಹಾಗಿಲ್ಲ."

ರೀಲಜ್ಜ ಬೆಚ್ಚಿಬಿದ್ದ. ಹಲ್ಲು ಹೋಗಿದ್ದವು, ಕೂದಲು ಅರ್ಧ ಹೋಗಿತ್ತು, ಹೆಂಡತಿ ಹೋಗಿದ್ದಳು. ಇಷ್ಟೆಲ್ಲ ಹೋದ ಮೇಲೂ ಬಾಗಿಲು ಹಾಕಿಕೊಂಡು ತನ್ನ ಮೈ ತಾನೇ ತೊಳೆದುಕೊಳ್ಳುವ ಆ ಹೊತ್ತು ಮಾತ್ರ ಅವನದಾಗಿ ಉಳಿದಿತ್ತು. ಒಳಗೆ ಸ್ಟೂಲಿನ ಮೇಲೆ ಕೂತು ಹಳೆಯ ಹಾಡು ಗುನುಗಿಕೊಳ್ಳುವಾಗ ಅವನು ಯಾರ ಅಪ್ಪನೂ ಅಲ್ಲ, ಯಾರ ಮಾವನೂ ಅಲ್ಲ.

ಅಷ್ಟರಲ್ಲೇ ಬೆಲ್ಲಾಯಿತು. ಬೀರುವಿನಷ್ಟು ಅಗಲದ ಆಸಾಮಿಯೊಬ್ಬ ಒಳಗೆ ಬಂದು, ಮನೆ ಬದಲಾಯಿಸುವಾಗ ಸಾಮಾನು ಸಾಗಿಸುವವರು ಸೋಫಾ ನೋಡುವ ಹಾಗೆ, ಎಲ್ಲಿ ಹಿಡಿದರೆ ಸುಲಭ ಎಂಬಂತೆ ರೀಲಜ್ಜನನ್ನು ಸುತ್ತ ನೋಡಿದ. ಅವನೇ ಹೋಂ ನರ್ಸ್.

"ಎಷ್ಟು ಕೆಜಿ ಇದಾರಮ್ಮ?"

"ನಲವತ್ತೆಂಟು."

"ಒಂದು ಕೈಗೇ ಆಯ್ತು ಬಿಡಿ," ಎಂದು ಮೊರದಂಥ ಅಂಗೈಗಳನ್ನು ಉಜ್ಜಿಕೊಂಡ. "ನಾಳೆಯಿಂದ ನಾವು ಬೆಳಿಗ್ಗೆ ಏಳ್ತೀವಿ, ನಾವು ಟಾಯ್ಲೆಟ್‌ಗೆ ಹೋಗ್ತೀವಿ, ನಾವು ಚೆನ್ನಾಗಿ ಉಜ್ಜಿ ಸ್ನಾನ ಮಾಡ್ತೀವಿ. ಏನಜ್ಜಾ?"

ಆ 'ನಾವು' ರೀಲಜ್ಜನಿಗೆ ಪರಿಚಿತವೇ. ನೆಲಮಹಡಿಯ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರಿಗೂ ಹೀಗೆಯೇ ಆದದ್ದು. ಹೋಂ ನರ್ಸ್ ಬರುವ ಮುಂಚೆ ಆತ ಗೇಟಿನವರೆಗೆ ನಡೆದು ಬಂದು ವಾಚ್‌ಮನ್ ಜೊತೆ ಜಗಳವಾಡಿ ಹೋಗುತ್ತಿದ್ದ. ಬಂದ ಮೇಲೆ ಅವನನ್ನು ಹಿಡಿದು ಏಳಿಸಿದರು, ಹಿಡಿದು ಕೂರಿಸಿದರು. ಕಾಲುಗಳು ತಮ್ಮ ಕೆಲಸ ಮರೆತವು. ಈಗ ಕಿಟಕಿಯ ಪಕ್ಕ ಹೂಕುಂಡದ ಹಾಗೆ ಇಟ್ಟಿರುತ್ತಾರೆ. ಮೊನ್ನೆ ರಕ್ತಪರೀಕ್ಷೆಗೆ ಹೋಗುವಾಗ ರೀಲಜ್ಜ ಕಿಟಕಿಯ ಹೊರಗೆ ನಿಂತು, "ಊಟ ಆಯ್ತೇನಯ್ಯಾ?" ಎಂದು ಕೇಳಿದರೆ ಒಳಗಿನಿಂದ ಹೋಂ ನರ್ಸ್ ಉತ್ತರಿಸಿದ್ದ: "ಆಯ್ತಜ್ಜಾ, ನಾವು ಊಟ ಮಾಡಿ ಮಲಗೋದ್ರಲ್ಲಿದೀವಿ." ಪೋಸ್ಟ್‌ಮಾಸ್ಟರು ಸುಮ್ಮನೆ ಗೋಡೆ ನೋಡುತ್ತಿದ್ದ.

"ನನಗೆ ಯಾರೂ ಬೇಡ," ಎಂದ ರೀಲಜ್ಜ.

ಆಗ ಪೇಪರಿನ ಹಿಂದಿನಿಂದ ಅಳಿಯ ಮಾತಾಡಿದ. ಅಳಿಯ ಒಳ್ಳೆಯವನು, ಹೆಂಡತಿಯೆದುರು ಎಷ್ಟು ಒಳ್ಳೆಯವನಾಗಬಹುದೋ ಅಷ್ಟು. "ಪಾಪ, ಮಾವನಿಗೆ ಒಂದು ಅವಕಾಶ ಕೊಡು. ಸಂಜೆ ಹೇಗೂ ಫಿಸಿಯೋಥೆರಪಿ ಹುಡುಗಿ ಬರ್ತಾಳಲ್ಲ, ಪರೀಕ್ಷೆ ಮಾಡ್ಲಿ."

ಪರೀಕ್ಷೆ ಎಂಬ ಮಾತಿಗೆ ಮಗಳು ಕರಗಿದಳು. "ಸರಿ. ಕೈ ಊರದೆ ಕುರ್ಚಿಯಿಂದ ಎದ್ದು, ಬಾಗಿಲವರೆಗೆ ನಡೆದು, ವಾಪಸ್ ಬಂದು ಕೂರಬೇಕು. ಪಾಸಾದ್ರೆ ಹೋಂ ನರ್ಸ್ ಬೇಡ. ಇಲ್ದಿದ್ರೆ ನಾಳೆಯಿಂದಲೇ." ಹೋಂ ನರ್ಸಿನತ್ತ ತಿರುಗಿ, "ನೀನೂ ಸಂಜೆ ಬಾರಪ್ಪ," ಎಂದಳು. ಅವನು ಗೆದ್ದವನ ನಗು ನಕ್ಕು ಹೋದ. ಮಗಳು ಮಾತ್ರೆ ತರಲು ಚೀಲ ಹಿಡಿದು ಹೊರಟಳು. ಹೋಗುವಾಗ ಗಂಡನಿಗೆ, "ಅಪ್ಪನ್ನ ನೋಡ್ಕೊಳ್ಳಿ, ಕಣ್ಣು ಮುಚ್ಚಬೇಡಿ," ಎಂದು ತಾಕೀತು ಮಾಡಿದಳು.

ಅವಳ ಚಪ್ಪಲಿ ಸದ್ದು ಮೆಟ್ಟಿಲಲ್ಲಿ ಕರಗುವ ಮುಂಚೆಯೇ ಅಳಿಯನ ಗೊರಕೆ ಶುರುವಾಯಿತು.

ರೀಲಜ್ಜ ಕುರ್ಚಿಯಲ್ಲಿ ಕೂತು ಕೈ ಎದೆಗೆ ಕಟ್ಟಿಕೊಂಡು ಏಳಲು ನೋಡಿದ. ಅರ್ಧಕ್ಕೆ ಎದ್ದು ಧೊಪ್ಪನೆ ಕೂತ. ಮತ್ತೆ ಉಸಿರು ಬಿಗಿಹಿಡಿದು ಎದ್ದ. ಈ ಸಲ ನಿಂತೇ ಬಿಟ್ಟ, ಗಾಳಿಗೆ ಸಿಕ್ಕ ಬಾಳೆಲೆಯಂತೆ ಅದುರುತ್ತ. ಹತ್ತಿರ ಹತ್ತಿರ ಪಾಸು. ಇನ್ನೊಂದಿಷ್ಟು ಬಲ ಬಂದರೆ ಸಾಕು. ಆದರೆ ಸಂಜೆಯೊಳಗೆ ಬಲ ತರುವುದು ಎಲ್ಲಿಂದ?

ಬಿಸಿಲು ಚರ್ಮದ ಮೇಲೆ ಬಿದ್ದರೆ ದೇಹ ತಾನೇ ವಿಟಮಿನ್ ಡಿ ತಯಾರಿಸಿಕೊಳ್ಳುತ್ತದೆ ಎಂದು ರಕ್ತಪರೀಕ್ಷೆಯ ದಿನ ಡಾಕ್ಟರು ಹೇಳಿದ್ದು ಅವನಿಗೆ ನೆನಪಾಯಿತು. ರೀಲು ಓಡಿಸಿದವನಿಗೆ ಇದು ಅರ್ಥವಾಗದ ವಿಷಯವೇನಲ್ಲ. ಬೆಳಕು ಬಿದ್ದ ತಕ್ಷಣ ಪರದೆಯ ಮೇಲೆ ಕುದುರೆಗಳೇ ಓಡುತ್ತವೆ. ಇನ್ನು ಈ ಎರಡು ಕಾಲು ಓಡಲಾರವೇ?

ಸೋಫಾದ ಕೆಳಗೆ ಬಿದ್ದಿದ್ದ ಪೇಪರಿನ ಹಾಳೆಯೊಂದನ್ನು ಎತ್ತಿಕೊಂಡ. ಹೆಗಲಿಗೆ ಬಿಳಿ ಟವೆಲು ಹಾಕಿಕೊಂಡ. ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಒಂದು ಚಪ್ಪಲಿ ಅಡ್ಡ ಇಟ್ಟು, ಟೆರೇಸಿನ ಮೆಟ್ಟಿಲು ಹಿಡಿದ.

ಒಂದೊಂದು ಮೆಟ್ಟಿಲಿಗೂ ಮಂಡಿಯಿಂದ ಕಟಕ್ ಎಂಬ ಸದ್ದು. ಪ್ರತಿ ಸದ್ದಿಗೂ ನಿಂತು, ಎಲ್ಲಾದರೂ ಸೀಮೆಸುಣ್ಣ ಉದುರಿತೇ ಎಂದು ಕೆಳಗೆ ನೋಡುತ್ತಿದ್ದ. ಕಂಬಿಯನ್ನು ಹಾವು ಹಿಡಿದವನ ಹಾಗೆ ಬಿಗಿಯಾಗಿ ಹಿಡಿದಿದ್ದ. ಬಿದ್ದರೆ ನೋವಾಗುತ್ತದೆ ಎಂಬ ಭಯಕ್ಕಿಂತ, ಬಿದ್ದಾಗ ಎತ್ತಲು ಬರುವ ಆ ಮೊರದಂಥ ಕೈಗಳ ಭಯವೇ ದೊಡ್ಡದಾಗಿತ್ತು.

ಟೆರೇಸಿನ ಬಾಗಿಲು ತೆರೆದಿತ್ತು. ಬಿಸಿಲು ಧಾರಾಳವಾಗಿ, ಯಾರಿಗೂ ಬೇಡವಾದ ಹಾಗೆ ಸುಮ್ಮನೆ ಬಿದ್ದುಕೊಂಡಿತ್ತು. ಯಾರ ಕಣ್ಣಿಗೂ ಬೀಳದಿರಲೆಂದು ನೀರಿನ ಟ್ಯಾಂಕಿನ ಹಿಂದೆ ಹೋಗಿ ಪೇಪರ್ ಹಾಸಿದ. ಶರ್ಟು, ಬನಿಯನ್ನು ಬಿಚ್ಚಿ ತಲೆಯಡಿಗೆ ಇಟ್ಟ. ಪೈಜಾಮವನ್ನು ತೊಡೆಯವರೆಗೆ ಮಡಚಿದ. ಬೆಳಕು ಆದಷ್ಟು ಹೆಚ್ಚು ಪರದೆಯ ಮೇಲೆ ಬೀಳಬೇಕಲ್ಲ. ಕತ್ತಲೆಗೆ ಪಳಗಿದ ಕಣ್ಣುಗಳು ಉರಿಯತೊಡಗಿದ್ದರಿಂದ ಟವೆಲನ್ನು ಮುಖದ ಮೇಲೆ ಎಳೆದುಕೊಂಡು ಅಂಗಾತ ಮಲಗಿದ. ಬಿಸಿಲು ಹಿತವಾಗಿ ಮೂಳೆ ಮೂಳೆಗೆ ಇಳಿದಂತಾಯಿತು. ಹಾಗೆಯೇ ಕಣ್ಣು ಹತ್ತಿತು. ನೀರು ತುಂಬಿತೇ ಎಂದು ನೋಡಿಕೊಂಡು ಹೋಗಲು ಬಂದಿದ್ದ ವಾಚ್‌ಮನ್ ಇಳಿದುಹೋಗುವಾಗ ಬಾಗಿಲಿಗೆ ಆಚೆಯಿಂದ ಚಿಲಕ ಜಡಿದದ್ದು ಅವನಿಗೆ ತಿಳಿಯಲೇ ಇಲ್ಲ.

ಎಚ್ಚರವಾದದ್ದು ಒಂದು ಚೀರಾಟಕ್ಕೆ.

"ಅಯ್ಯಯ್ಯೋ, ಹೆಣ! ಟೆರೇಸ್ ಮೇಲೆ ಹೆಣ ಬಿದ್ದಿದೆ!"

ಗುರುತಿನ ದನಿ. ಎದುರು ಕಟ್ಟಡದ ಮೇಲಿನ ಮಹಡಿಯ ಕಿಟಕಿಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಟೇಲರಕ್ಕ. ಬೀದಿಯ ಸುದ್ದಿಗಳೆಲ್ಲ ಆ ಕಿಟಕಿಯಿಂದಲೇ ಹೊಲಿಗೆ ಹಾಕಿಸಿಕೊಂಡು ಹೊರಡುತ್ತಿದ್ದವು.

"ಯಾರದ್ದಕ್ಕಾ?" ಎಂದು ಕೆಳಗಿನಿಂದ ಯಾರೋ ಕೂಗಿದರು.

"ಯಾರೋ ಮುದುಕಂದು! ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿದಾರೆ! ಕಾಲು ನೋಡಿ, ಬರೀ ಕಡ್ಡಿ! ಪ್ರಾಣ ಹೋಗಿ ಎಷ್ಟು ಹೊತ್ತಾಯ್ತೋ ಏನೋ!"

ಪಾಪ, ಯಾರು ಹೋದರೋ ಎಂದುಕೊಂಡ ರೀಲಜ್ಜ ನಿದ್ದೆಗಣ್ಣಿನಲ್ಲಿ.

"ಟ್ಯಾಂಕಿನ ಹಿಂದೆ! ಪೇಪರ್ ಮೇಲೆ ಮಲಗಿಸಿದಾರೆ!"

ಅಷ್ಟು ಬಿಸಿಲಿನಲ್ಲೂ ರೀಲಜ್ಜನ ಮೈ ತಣ್ಣಗಾಯಿತು. ನಿಜವೇ ಇರಬಹುದೇ? ಈ ವಯಸ್ಸಿನಲ್ಲಿ ಹೇಳಲು ಬರುವುದಿಲ್ಲ. ಇಂಥ ವಿಷಯ ಮೊದಲು ಬೇರೆಯವರಿಗೇ ಗೊತ್ತಾಗುವುದು. ಹೆದರಿ ಕಾಲ್ಬೆರಳು ಅಲ್ಲಾಡಿಸಲು ನೋಡಿದ. ಅಲ್ಲಾಡಲಿಲ್ಲ. ಕಾಲು ಜೋಮು ಹಿಡಿದಿತ್ತು, ಅದು ಅವನಿಗೆ ಹೊಳೆಯಲಿಲ್ಲ. ಹಾಗಾದರೆ ಇಷ್ಟೇ, ಎಂದುಕೊಂಡ. ನೋವಿಲ್ಲ, ಗೀವಿಲ್ಲ; ಟೇಲರಕ್ಕ ಕೂಗಿ ಹೇಳುತ್ತಾಳೆ, ಅಷ್ಟೇ. ಟವೆಲಿನ ಒಳಗೆ ಕಣ್ಣು ಬಿಟ್ಟುಕೊಂಡು ಅಲುಗದೆ ಮಲಗಿದ. ಮುಂದೆ ಏನಾದರೂ ಆಗಬೇಕಲ್ಲ ಎಂದು ಕಾದ.

ಆದದ್ದು ಇಷ್ಟು: ಒಂದು ನೊಣ ಬಂದು ಹೊಕ್ಕುಳ ಮೇಲೆ ಕೂತು ಕಚಗುಳಿಯಿಟ್ಟಿತು. ಆ ನೊಣದ ಮೇಲೆ ಅವನಿಗೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ.

ಬದುಕಿದ್ದೇನೆ ಎಂದು ಖಾತ್ರಿಯಾದೊಡನೆ ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಕೂತಿತು. ಈಗ ಎದ್ದು ಕೂತರೆ ಇಡೀ ಬೀದಿ ನೋಡುತ್ತದೆ. ಮಗಳಿಗೆ ಗೊತ್ತಾಗುತ್ತದೆ. ಹೇಳದೆ ಕೇಳದೆ ಟೆರೇಸಿಗೆ ಹೋದ ಮುದುಕನಿಗೆ ಒಬ್ಬ ಹೋಂ ನರ್ಸ್ ಅಲ್ಲ, ಇಬ್ಬರು ಗ್ಯಾರಂಟಿ.

ಟೇಲರಕ್ಕ ಫೋನು ಹುಡುಕಲು ಒಳಗೆ ಹೋದಳೆಂದು ದನಿಯಿಂದ ತಿಳಿಯಿತು. ರೀಲಜ್ಜ ಟ್ಯಾಂಕಿನ ಪೈಪು ಹಿಡಿದು ಎದ್ದ. ಶರ್ಟು, ಬನಿಯನ್ನು, ಟವೆಲನ್ನು ಒಟ್ಟಿಗೆ ಬಾಚಿಕೊಂಡು ಬಾಗಿಲಿಗೆ ಓಡಿದ. ಓಡಿದ ಎಂದರೆ ಅವನ ಲೆಕ್ಕದಲ್ಲಿ. ದೂಡಿದರೆ ಬಾಗಿಲು ತೆಗೆಯಲಿಲ್ಲ. ಆಚೆ ಕಡೆ ಗುಸುಗುಸು.

"ಚಿಲಕ ತೆಗಿಯೋ."

"ನೀವೇ ತೆಗೀರಿ ಸಾರ್, ನನಗೆ ಹೆಣ ಅಂದ್ರೆ ಆಗಲ್ಲ."

"ವಾಚ್‌ಮನ್ ನೀನೋ ನಾನೋ?"

"ಹೆಣ ಕಾಯೋದಕ್ಕೆ ನನ್ನ ಇಟ್ಕೊಂಡಿಲ್ಲ ಸಾರ್. ಕಾರ್ಯದರ್ಶಿಗಳು ಆ ಕಡೆ ಮೆಟ್ಟಿಲಿಂದ ಬರ್ತಿದಾರೆ. ಅವರೇ ಮೊದಲು ನೋಡ್ಲಿ."

ಕಟ್ಟಡಕ್ಕೆ ಎರಡು ಮೆಟ್ಟಿಲ ಸಾಲು. ಟೆರೇಸನ್ನು ನಡುವೆ ಸೊಂಟದೆತ್ತರದ ಒಂದು ಗೋಡೆ ಎರಡು ಪಾಲು ಮಾಡಿತ್ತು. ಬೇರೆ ದಾರಿಯಿರಲಿಲ್ಲ. ರೀಲಜ್ಜ ಗೋಡೆಯ ಮೇಲೆ ಹೊಟ್ಟೆಯೂರಿ, ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದ. ತಲೆ ಆ ಕಡೆ, ಕಾಲು ಈ ಕಡೆ. ಇಲ್ಲಿಯೇ ಸಿಕ್ಕಿಕೊಂಡರೆ? ಕಣ್ಣು ಮುಚ್ಚಿ ಒಂದು ಕಾಲನ್ನು ಎತ್ತಿ ಮೇಲಕ್ಕೆ ತಂದ, ಇನ್ನೊಂದು ಅದರ ಹಿಂದೆಯೇ ಬಂತು, ಉರುಳಿದ. ಆ ಕಡೆ ನೆಲಕ್ಕೆ ಮೊದಲು ತಾಗಿದ್ದು ಪಾದಗಳೇ. ರೀಲಜ್ಜ ಉಸಿರಾಡದೆ ನಿಂತು ಮಂಡಿ, ಸೊಂಟ, ಮೊಣಕೈ ಎಲ್ಲವನ್ನೂ ಮುಟ್ಟಿ ನೋಡಿಕೊಂಡ. ಒಂದೂ ಮುರಿದಿರಲಿಲ್ಲ.

ಶರ್ಟನ್ನು ತಿರುವುಮುರುವಾಗಿ ತೊಟ್ಟು, ತೆರೆದಿದ್ದ ಆ ಕಡೆಯ ಬಾಗಿಲಿನಿಂದ ಒಂದು ಮಹಡಿ ಇಳಿಯುವಷ್ಟರಲ್ಲಿ ತಿರುವಿನಲ್ಲಿ ಫ್ಲ್ಯಾಟಿನವರ ಸಂಘದ ಕಾರ್ಯದರ್ಶಿ ಎದುರಾದ. ಮೆಟ್ಟಿಲ ಮೇಲೆ ಕೂತು ಕರವಸ್ತ್ರದಿಂದ ಗಾಳಿ ಬೀಸಿಕೊಳ್ಳುತ್ತಿದ್ದ. ಮೇಲೆ ಹೋಗಲು ಧೈರ್ಯವಿಲ್ಲ, ಕೆಳಗೆ ಹೋಗಲು ಮರ್ಯಾದೆಯಿಲ್ಲ. ಮುದುಕ ಮೇಲಿನಿಂದಲೇ ಇಳಿದು ಬಂದದ್ದೂ ಅವನ ಗಾಬರಿಗೆ ಹೊಳೆಯಲಿಲ್ಲ.

"ಅಜ್ಜಾ! ಮೇಲೆ ಹೋಗಬೇಡಿ. ಅಲ್ಲಿ ಹೆಣ ಇದೆಯಂತೆ."

"ಹೌದಾ?" ಎಂದ ರೀಲಜ್ಜ.

"ನೋಡಿದ್ರೆ ನಿಮ್ಮ ಎದೆ ನಿಂತೇಹೋಗುತ್ತೆ. ನನ್ನದೇ ಹೆಂಗೆ ಹೊಡ್ಕೊತಾ ಇದೆ, ಮುಟ್ಟಿ ನೋಡಿ."

ರೀಲಜ್ಜ ಮುಟ್ಟಿ ನೋಡಿದ. ನಿಜವಾಗಿಯೂ ಹೊಡೆದುಕೊಳ್ಳುತ್ತಿತ್ತು. "ಸುಧಾರಿಸಿಕೊಂಡು ಹೋಗಪ್ಪ," ಎಂದ. "ಹೆಣ ಎಲ್ಲಿಗೂ ಓಡಿಹೋಗಲ್ಲ."

ಎರಡೂ ಮೆಟ್ಟಿಲ ಸಾಲುಗಳು ಸೇರುವುದು ತೀರಾ ಕೆಳಗೆ. ಆದ್ದರಿಂದ ಅವನು ನೆಲಮಹಡಿಯವರೆಗೆ ಇಳಿದು, ಅಂಗಳ ದಾಟಿ, ಮತ್ತೆ ತನ್ನ ಕಡೆಯ ಮೂರು ಮಹಡಿ ಹತ್ತಬೇಕಾಯಿತು. ಅಂಗಳದಲ್ಲಿ ಜನ ಕತ್ತೆತ್ತಿ ಮೇಲೆ ನೋಡುತ್ತಿದ್ದರು. ಅವರ ನಡುವೆಯೇ ಹಾದುಹೋದ. ಹೆಣ ನೋಡಲು ಬಂದವರು ಮುದುಕನನ್ನೇಕೆ ನೋಡುತ್ತಾರೆ? ಹತ್ತುವಾಗ ಕಣ್ಣು ಕತ್ತಲೆ ಬಂತು, ತೊಡೆ ಥರಥರ ಎಂದಿತು. ಆದರೂ ಹಿಂದಿನಿಂದ ಮಗಳ ಚಪ್ಪಲಿ ಸದ್ದು ಬಂದಂತೆ ಅನ್ನಿಸಿದಾಗಲೆಲ್ಲ ಕಾಲುಗಳು ತಾವೇ ಒಂದು ಮೆಟ್ಟಿಲು ಮೇಲೇರುತ್ತಿದ್ದವು. ಬಾಗಿಲ ಚಪ್ಪಲಿ ಇಟ್ಟಲ್ಲೇ ಇತ್ತು. ಅಳಿಯನ ಗೊರಕೆ ಬಿಟ್ಟಲ್ಲೇ ಇತ್ತು. ರೀಲಜ್ಜ ಬಟ್ಟೆ ಸರಿಮಾಡಿಕೊಂಡು ಕುರ್ಚಿಗೆ ಬಿದ್ದ.

ಮಗಳು ಬಂದಾಗ ಅವಳ ಅಪ್ಪ ಬೆಳಿಗ್ಗೆ ಬಿಟ್ಟುಹೋದಂತೆಯೇ ಕೂತಿದ್ದ. ಅಳಿಯ ಪೇಪರ್ ಓದುತ್ತಿದ್ದ, ಒಂದು ಹಾಳೆ ಎಲ್ಲಿ ಹೋಯಿತೆಂದು ಗೊಣಗುತ್ತ.

ಅಷ್ಟರಲ್ಲಿ ಕೆಳಗೆ ಬೊಬ್ಬೆ ಎದ್ದಿತ್ತು. ಬಾಗಿಲು ತೆರೆದು ನೋಡಿದರೆ ಹೆಣವೇ ಇಲ್ಲ! ಇದ್ದದ್ದು ಬೆವರಿನಲ್ಲಿ ನೆಂದ ಒಂದು ಪೇಪರ್ ಹಾಳೆ ಮಾತ್ರ. ಪೊಲೀಸ್ ಪೇದೆಯೊಬ್ಬ ಬಂದ. ರೀಲಜ್ಜ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಮುದುಡಿಕೊಂಡು, ತನ್ನ ಹೆಸರು ಈಗ ಬಂತು, ಈಗ ಬಂತು ಎಂದು ಕಿವಿಗೊಟ್ಟು ಕೂತ.

"ಮುದುಕನಾ?" ಎಂದ ಪೇದೆ. "ಬಿಸಿಲಿಗೆ ಮಲಗಿದ್ದು ಎದ್ದು ಹೋಗಿರ್ತಾನೆ ಬಿಡಮ್ಮ."

"ಸತ್ತಿದ್ರೂ ವಯಸ್ಸಾಗಿತ್ತಲ್ಲ," ಎಂದು ಇನ್ಯಾರೋ ಸ್ಕೂಟರ್ ಚಾಲೂ ಮಾಡಿದರು. ಜನ ಚದುರತೊಡಗಿದರು.

ಟೇಲರಕ್ಕನಿಗೆ ಅವಮಾನವಾಯಿತು. ಆಯಸ್ಸಿನಲ್ಲೇ ಮೊದಲ ಸಲ ಸಿಕ್ಕಿದ ಹೆಣ; ಅದನ್ನು ಹೀಗೆ ಕಡೆಗಣಿಸುವುದೆಂದರೇನು? "ಮುದುಕ ಅಂತ ಯಾರು ಹೇಳಿದ್ದು?" ಎಂದು ಗದರಿದಳು. "ತಲೆಕೂದಲು ಸ್ವಲ್ಪ ಬಿಳಿ ಇತ್ತು ಅಂದೆ ಅಷ್ಟೇ. ಅರವತ್ತಿದ್ರೆ ಹೆಚ್ಚು."

ಸ್ಕೂಟರ್ ನಿಂತಿತು. ಊಟದ ಹೊತ್ತಿಗೆ ಹೆಣಕ್ಕೆ ಐವತ್ತಾಯಿತು, ಎದೆ ಅಗಲವಾಯಿತು. ಅಕ್ಕಪಕ್ಕದ ಬೀದಿಯವರು ಬಂದ ಮೇಲೆ ತೋಳಿನಲ್ಲಿ ಮಾಂಸಖಂಡಗಳು ಎದ್ದವು. ಇಂಥ ಆಳನ್ನು ಕೊಂದು ಹೊತ್ತೊಯ್ದವರು ಎಂಥವರಿರಬೇಕು! ಮನೆಮನೆಗಳಲ್ಲಿ ಚಿಲಕ ಬಿದ್ದವು, ಮಕ್ಕಳನ್ನು ಒಳಗೆ ಎಳೆದುಕೊಂಡರು. ಕೆಳಗಿನ ಮನೆಯ ಹೋಂ ನರ್ಸ್, "ನಮಗೆ ಭಯ ಆಗ್ತಿದೆ," ಎಂದು ಪೋಸ್ಟ್‌ಮಾಸ್ಟರ ಪರವಾಗಿಯೂ ಹೇಳಿಕೆ ಕೊಟ್ಟ.

ಪೇದೆ ರೀಲಜ್ಜನ ಮನೆಗೂ ಬಂದ. ಕಿವಿಯ ಹತ್ತಿರ ಬಾಗಿ, "ಅಜ್ಜಾ, ಏನಾದ್ರೂ ನೋಡಿದ್ರಾ?" ಎಂದು ಮಾರುಕಟ್ಟೆಯಲ್ಲಿ ಕೂಗುವವನಂತೆ ಕೇಳಿದ. ರೀಲಜ್ಜ ಬಾಯಿ ತೆರೆಯುವ ಮೊದಲೇ ಮಗಳು, "ಅವರನ್ನೇನು ಕೇಳ್ತೀರಿ? ಕುರ್ಚಿ ಬಿಟ್ಟು ಎಲ್ಲಿಗೂ ಹೋಗಲ್ಲ," ಎಂದಳು. ಪೇದೆ ಕನಿಕರದಿಂದ ರೀಲಜ್ಜನ ತಲೆ ಸವರಿ ಹೋದ. ಸದ್ಯ, ಬಚಾವಾದೆ ಎಂದುಕೊಂಡ ರೀಲಜ್ಜ.

ಸಂಜೆ ಫಿಸಿಯೋಥೆರಪಿಯ ಹುಡುಗಿ ಬಂದಳು. ಹೋಂ ನರ್ಸೂ ಬಂದು ಗೋಡೆಗೊರಗಿ ನಿಂತ.

"ಬನ್ನಿ ಅಜ್ಜ, ಕೈ ಕಟ್ಟಿಕೊಂಡು ಎದ್ದೇಳಿ ನೋಡೋಣ," ಎಂದಳು ಹುಡುಗಿ ನಗುತ್ತ.

ರೀಲಜ್ಜ ಕೈ ಕಟ್ಟಿದ. ಏಳು ಎಂದು ಕಾಲುಗಳಿಗೆ ಹೇಳಿದ. ಕಾಲುಗಳು ಕೇಳಿಸಿಕೊಳ್ಳಲಿಲ್ಲ. ಮೆಟ್ಟಿಲು ಹತ್ತಿ, ಗೋಡೆ ಹಾರಿ, ಇಳಿದು, ಮತ್ತೆ ಹತ್ತಿದ ಕಾಲುಗಳು ಆಗಲೇ ಸಂಪು ಹೂಡಿದ್ದವು. ತೊಡೆಗಳು ನೆನೆದ ಹಾಸಿಗೆಯಷ್ಟು ಭಾರ. ಮುಂದಕ್ಕೆ ಬಾಗಿದ, ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಕುರ್ಚಿಯಿಂದ ಒಂದು ಬೆರಳಿನಷ್ಟೂ ಮೇಲೇಳಲಿಲ್ಲ. ಇನ್ನೊಮ್ಮೆ. ಮತ್ತೂ ಒಮ್ಮೆ. ಗೋಡೆಯ ಬಳಿ ಹೋಂ ನರ್ಸ್ ಅಂಗೈ ಉಜ್ಜಿಕೊಳ್ಳುವ ಸದ್ದು ಕೇಳಿಸಿತು.

"ಇವತ್ತು ಸ್ವಲ್ಪನಾದ್ರೂ ಓಡಾಡಿದ್ರಾ ಇವರು?" ಹುಡುಗಿ ಕೇಳಿದಳು.

"ಎಲ್ಲಿ? ಬೆಳಗಿಂದ ಕೂತಲ್ಲೇ," ಎಂದಳು ಮಗಳು.

"ಅದಕ್ಕೇ ಹೀಗೆ. ಬರೀ ವಿಟಮಿನ್ ಡಿ ಮಾತ್ರೆ ನುಂಗಿದ್ರೆ ಸಾಲದು, ಕಾಲಿಗೆ ಕೆಲಸ ಕೊಡಬೇಕು. ದಿನಾ ನಾಲ್ಕು ಮೆಟ್ಟಿಲಾದ್ರೂ ಹತ್ತಿದ್ರೆ..."

"ಹತ್ತಿದೀನಿ!" ಎಂದ ರೀಲಜ್ಜ. ಇನ್ನು ಮುಚ್ಚಿಟ್ಟುಕೊಂಡು ಉಳಿಸಿಕೊಳ್ಳುವುದೇನೂ ಇರಲಿಲ್ಲ. "ಟೆರೇಸಿಗೆ ಹತ್ಕೊಂಡು ಹೋದೆ. ಬಿಸಿಲು ಕಾಯಿಸಿದೆ. ಗೋಡೆ ದಾಟಿ, ಕೆಳಗೆ ಇಳಿದು, ಮತ್ತೆ ಮೂರು ಮಹಡಿ ಹತ್ತಿ ಬಂದೆ. ಅದಕ್ಕೇ ಸೋತಿವೆ ಕಾಲು! ಊರೆಲ್ಲ ಹುಡುಕ್ತಾ ಇದಾರಲ್ಲ ಹೆಣ, ಅದು ನಾನೇ!"

ಹುಡುಗಿ ಮಗಳ ಮುಖ ನೋಡಿದಳು. ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈ ಥರ ಮಾತಾಡೋದು ಯಾವಾಗಿಂದ?" ಎಂದು ಹುಡುಗಿ ಪಿಸುಗುಟ್ಟಿದಳು. ಆಮೇಲೆ ರೀಲಜ್ಜನತ್ತ ಬಾಗಿ, "ಅಜ್ಜ, ಇವತ್ತು ಯಾವ ವಾರ ಹೇಳಿ?"

ರೀಲಜ್ಜನಿಗೆ ಜೀವನದಲ್ಲಿ ಗೊತ್ತಿದ್ದದ್ದು ಒಂದೇ ವಾರ; ಹೊಸ ಸಿನಿಮಾ ಬರುವ ವಾರ. "ಶುಕ್ರವಾರ ಅಲ್ಲ," ಎಂದ, ಯೋಚಿಸಿ.

"ಅಯ್ಯೋ ಅಪ್ಪಾ," ಎಂದಳು ಮಗಳು.

"ನಿನ್ನ ಗಂಡನ್ನ ಕೇಳು! ನಾನು ಹೋಗುವಾಗ ನಿದ್ದೆ ಮಾಡ್ತಿದ್ದ!"

ಮಗಳು ಗಂಡನತ್ತ ತಿರುಗಿದಳು. ಅಳಿಯ ಮಾವನನ್ನು ನೋಡಿದ, ಹೆಂಡತಿಯನ್ನು ನೋಡಿದ. "ನಾನಾ? ನಿದ್ದೆನಾ? ರೆಪ್ಪೆ ಬಡಿದಿಲ್ಲ. ಮಾವ ಕುರ್ಚಿಯಿಂದ ಅಲುಗಾಡಲೇ ಇಲ್ಲ," ಎಂದು ಪೇಪರಿನೊಳಗೆ ಮುಖ ಹುದುಗಿಸಿದ.

ಅದೇ ಹೊತ್ತಿಗೆ ಕಾರ್ಯದರ್ಶಿ, ಎಲ್ಲರೂ ಬಾಗಿಲು ಭದ್ರ ಮಾಡಿಕೊಳ್ಳಿ ಎಂದು ಹೇಳಲು ಮನೆಮನೆ ಸುತ್ತುತ್ತ ಅಲ್ಲಿಗೂ ಬಂದ. ಅವನ ಹಿಂದೆ ನೆರೆಹೊರೆಯ ಒಂದಿಷ್ಟು ಜನ. ರೀಲಜ್ಜನ ಮುಖ ಅರಳಿತು. "ಇವನು ನೋಡಿದಾನೆ ನನ್ನ! ಹೇಳಪ್ಪ, ಆ ಕಡೆ ಮೆಟ್ಟಿಲಲ್ಲಿ ಸಿಕ್ಕಿದ್ನಲ್ಲ!"

ಕಾರ್ಯದರ್ಶಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. ಹೆಣದ ಸುದ್ದಿ ಕೇಳಿದ ಕೂಡಲೇ ತಾನೊಬ್ಬನೇ ಟೆರೇಸಿಗೆ ನುಗ್ಗಿದೆ, ದಾರಿಯಲ್ಲಿ ಒಂದು ನೊಣವೂ ಎದುರಾಗಲಿಲ್ಲ ಎಂದು ಪೇದೆಗೆ ಆಗಲೇ ಹೇಳಿಯಾಗಿತ್ತು. "ಮೆಟ್ಟಿಲಲ್ಲಾ? ಅಜ್ಜನ್ನ ನೋಡಿಯೇ ತಿಂಗಳಾಯ್ತಲ್ಲಮ್ಮ," ಎಂದ.

"ನಿನ್ನ ಎದೆ ಮುಟ್ಟಿ ನೋಡಿದ್ನಲ್ಲೋ!" ಎಂದು ಕೂಗಿದ ರೀಲಜ್ಜ.

"ಅಪ್ಪಾ, ಸಾಕು!" ಮಗಳ ಕಣ್ಣಲ್ಲಿ ನೀರು ಬಂತು.

ರೀಲಜ್ಜ ಸುತ್ತ ನೋಡಿದ. ಎಲ್ಲರ ಮುಖದಲ್ಲೂ ಕನಿಕರ. ಟೆರೇಸಿನ ಮೇಲೆ ಹೆಣವಾಗಿ ಬಿದ್ದಾಗಲೂ ಅವನಿಗೆ ಇಷ್ಟು ಭಯವಾಗಿರಲಿಲ್ಲ. ಬಾಗಿಲ ಬಳಿಯ ಜನರ ನಡುವೆ, ಕತ್ತಿಗೆ ಅಳತೆಯ ಟೇಪು ನೇತುಹಾಕಿಕೊಂಡು ಟೇಲರಕ್ಕ ನಿಂತಿದ್ದಳು.

"ಅವಳು! ಅವಳು ಕಣ್ಣಾರೆ ನೋಡಿದಾಳೆ! ಬಾರಮ್ಮ, ಹತ್ತಿರ ಬಾ."

ಗುಂಡಿ ಬಿಚ್ಚಿ ಶರ್ಟು ತೆಗೆದ. ಪೈಜಾಮವನ್ನು ಮಂಡಿಯ ಮೇಲಕ್ಕೆ ಎಳೆದ. ಕುರ್ಚಿಗೆ ಒರಗಿ, ಕಾಲು ಚಾಚಿ, ಬಿಳಿ ಟವೆಲನ್ನು ಮುಖದ ಮೇಲೆ ಮುಚ್ಚಿಕೊಂಡು, "ಈಗ ಹೇಳು, ನಾನಲ್ವಾ?" ಎಂದ ಒಳಗಿನಿಂದ.

ಟೇಲರಕ್ಕ ಬಗ್ಗಿ ನೋಡಿದಳು. ಬಟ್ಟೆಯ ಅಳತೆ ತೆಗೆದು ಪಳಗಿದ ಕಣ್ಣು. ಕಡ್ಡಿಯಂಥ ಕಾಲುಗಳ ಮೇಲೆ ಒಂದು ಗಳಿಗೆ ನಿಂತಿತು. ಅವಳ ಬಾಯಿ ತೆರೆಯಿತು. ಆಮೇಲೆ ಹಿಂದೆ ಕತ್ತು ಚಾಚಿ ನಿಂತ ಜನರನ್ನು ನೋಡಿದಳು. ಬೆಳಗಿನಿಂದ ಅವಳ ಒಂದೊಂದು ಮಾತಿಗೂ ಬಾಯಿ ಬಿಟ್ಟುಕೊಂಡು ನಿಂತಿದ್ದವರು ಅವರು. ಬಾಯಿ ಮುಚ್ಚಿತು.

"ಛೆ ಛೆ! ಇವರೆಲ್ಲಿ, ಆ ಗಂಡಸೆಲ್ಲಿ!" ಎಂದಳು ನೆಟ್ಟಗಾಗಿ. "ನಲವತ್ತು ದಾಟಿರಲಿಲ್ಲ ಆತನಿಗೆ. ಏನು ಎದೆ, ಏನು ತೋಳು! ತಪ್ಪು ತಿಳ್ಕೋಬೇಡಿ, ಸತ್ತು ಬಿದ್ದಿದ್ರೂ ಆತನ ಮೈಯಲ್ಲಿ ಈ ಅಜ್ಜನಿಗಿಂತ ಹೆಚ್ಚು ಜೀವಕಳೆ ಇತ್ತು."

ಎಲ್ಲರೂ ಹೌದೆಂದು ತಲೆಯಾಡಿಸಿದರು. ರೀಲಜ್ಜ ಟವೆಲಿನಡಿಯಿಂದ ಹೊರಗೆ ಬರಲಿಲ್ಲ. ಮಗಳು ಕಣ್ಣೊರೆಸಿಕೊಂಡು ಹೋಂ ನರ್ಸಿನತ್ತ ತಿರುಗಿದಳು. "ನಾಳೆವರೆಗೂ ಕಾಯೋದು ಬೇಡಪ್ಪ. ಈಗಿಂದಲೇ ಇಲ್ಲೇ ಇದ್ಬಿಡು. ಹೋಗಿ ನಿನ್ನ ಸಾಮಾನು ತಗೊಂಡು ಬಾ."

"ತಂದಿದೀನಮ್ಮ," ಎಂದ ಅವನು. "ಬ್ಯಾಗು ಬಾಗಿಲ ಹೊರಗೇ ಇದೆ."